ಕಿವಿಯಲ್ಲಿದ್ದ ಗಂಡಸು

ನಮ್ಮ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವವರ ಕೈ ಗಳಿಗೆಯೊಳಗೇ ಕಪ್ಪಗೆ ಅಂಟಂಟಾಗುತ್ತದೆ. ಆ ಕೈಯಲ್ಲಿ ಪುಸ್ತಕ ಮುಟ್ಟಿದರೆ ಹಾಳೆಯೇ ಕಿತ್ತು ಬರುತ್ತದೆ. ಹಾಗಾಗಿ ಲಾ ಕಾಲೇಜಿನ ಸಾಕ್ಷ್ಯ ಕಾನೂನನ್ನು ನಾನು ಓದಿದ್ದಕ್ಕಿಂತ ಇಯರ್‌ಫೋನಿನಲ್ಲಿ ಕೇಳಿದ್ದೇ ಹೆಚ್ಚು.

ಒಂದು ಮಧ್ಯಾಹ್ನ ಸೊಪ್ಪನ್ನು ಬಿಸಿಗೆ ಒಣಗಿಸಿ ಹದ ಮಾಡುವ ಬ್ಯಾರನ್ ಮನೆ ಹತ್ತಿರ ದೊಡ್ಡಪ್ಪ ಬಂದು ನಿಂತರು.

"ದಿನಾ ಯಾವನೋ ಗಂಡಸಿನ ಜೊತೆ ಫೋನಲ್ಲೇ ಇರ್ತೀಯಂತೆ. ಕಾಲೇಜು ಸಾಕು ಬುಡು. ನಿಮ್ಮಪ್ಪಂಗೂ ಹೇಳ್ತೀನಿ."

"ನೀವು ಕೇಳಿಸ್ಕೊಂಡ್ರಾ ದೊಡ್ಡಪ್ಪ?"

"ಊರೋರು ಅಂಗಂತಾರೆ ಕಣವ್ವ."

"ಊರೋರಲ್ಲಿ ಯಾರು? ಕರೀರಿ, ನಾನೂ ಒಸಿ ಕೇಳ್ತೀನಿ."

ಸೊಪ್ಪು ಕಟ್ಟುತ್ತಿದ್ದ ಹೆಂಗಸರ ಕೈಗಳು ನಿಂತವು. ದೊಡ್ಡಪ್ಪ ಆ ಹೆಂಗಸರ ಕಡೆ ಒಮ್ಮೆ ನೋಡಿದರು. ನಾನು ಅಂಟುಗೈಯಲ್ಲೇ ಇಯರ್‌ಫೋನ್ ಕಿತ್ತು ಸ್ಪೀಕರ್ ಹಾಕಿದೆ. ರೆಕಾರ್ಡಾದ ಪಾಠದಲ್ಲಿ, ಸಾಕ್ಷಿಗೆ ಪಾಟೀಸವಾಲು ಹಾಕುವುದು ಹೇಗೆಂದು ಮೇಷ್ಟ್ರೊಬ್ಬರು ಬಿಡಿಸಿ ಹೇಳುತ್ತಿದ್ದರು.

"ಇವ್ರೇ ಆ ಗಂಡಸು," ಅಂದೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಕೇಳಿ ಮುಖ ಸಿಂಡರಿಸಿದರು. "ಇವನಿಗೂ ನೀನು ಹಿಂಗೇ ಎದುರು ಮಾತಾಡ್ತೀಯಾ?"

"ರೆಕಾರ್ಡಿಗೆ ಎದುರು ಮಾತಾಡಕ್ಕಾಗಲ್ಲ ದೊಡ್ಡಪ್ಪ. ಅದಕ್ಕೇ ನಿಮ್ಮತ್ರ ಅಭ್ಯಾಸ ಮಾಡ್ತಾ ಇದೀನಿ."