ಕಾರಿನ ಹೊಟ್ಟೆಗೆ ಅಣ್ಣಯ್ಯನ ಸಲಾಕೆ

ಅತ್ತಿಗೆ ಬಡಿಸಿದ ಮುದ್ದೆ, ಉಪ್ಸಾರು ಮುಗಿಸಿ ಕೈ ಒರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದರೆ, ನಮ್ಮಣ್ಣ ನನ್ನ ಕಾರಿನ ಪಕ್ಕ ನೆಲದ ಮೇಲೆ ಕೂತಿದ್ದಾನೆ. ಕಾರಿನ ಹೊಟ್ಟೆಯಿಂದ ಬಿಚ್ಚಿದ ಒಂದು ಡಬ್ಬದಂಥ ಪೈಪು ಅವನ ಎರಡು ಮಂಡಿಗಳ ನಡುವೆ. ಕೈಯಲ್ಲಿ ಕಬ್ಬಿಣದ ಸಲಾಕೆ. ತಿವಿಯುತ್ತಿದ್ದಾನೆ ತಿವಿಯುತ್ತಿದ್ದಾನೆ, ಮೈಯೆಲ್ಲ ಬೆವರು. ಮುಂದೆ ಹಾಸಿದ ಗೋಣಿಚೀಲದ ಮೇಲೆ ಬೂದು ಬಣ್ಣದ ಚೂರುಗಳ ರಾಶಿ. ಒಡೆದ ಜೇನುಹಟ್ಟಿಯ ಹಾಗೆ ಮೈತುಂಬ ಸಣ್ಣ ಸಣ್ಣ ತೂತು.

"ಏನಣ್ಣಯ್ಯ ಇದು?"

"ಕಸ ಕಣಮ್ಮಿ. ಪೈಪೆಲ್ಲಾ ಕಟ್ಕಂಡು ಕೂತಿತ್ತು. ಹೊಗೆ ಓಗಕ್ಕೆ ಜಾಗವೇ ಇಲ್ಲ. ಅದುಕ್ಕೇ ನಿನ್ ಗಾಡಿ ಏರು ಅತ್ತನಿಲ್ಲ. ಎಲ್ಲಾ ತೆಗ್ದುಬುಟ್ಟೆ. ಈಗ ಓಡ್ಸಿ ನೋಡು!"

ಆ ಕಸದ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಎಂಜಿನ್ನಿನಿಂದ ಬರುವ ವಿಷದ ಹೊಗೆ ಆ ಸಣ್ಣ ತೂತುಗಳೊಳಗೆ ಹಾದು, ಬಹುಪಾಲು ಸಾಧುವಾಗಿ ಹೊರಗೆ ಬರಬೇಕು. ಅದಕ್ಕೇ ಅದು ಇರೋದು. (ನಿಮಗೂ ಗೊತ್ತಿರಲಿಲ್ಲ ತಾನೆ? ನಾಚಿಕೆ ಬೇಡ. ಕಾರು ಕೊಂಡಾಗ ನಾವು ಕೇಳಿದ್ದು ಬಣ್ಣ, ಮೈಲೇಜ್, ಸೀಟ್ ಕವರ್ ಫ್ರೀನಾ ಅಂತ ಮಾತ್ರ.)

ನಮ್ಮಣ್ಣನದು ತಪ್ಪು ಅನ್ನುವ ಮೊದಲು ಅವನ ಲೆಕ್ಕವನ್ನೂ ಕೇಳಿ. ಅವನು ಬೆಟ್ಟದಪುರದ ಹೊಗೆಸೊಪ್ಪಿನ ರೈತ. ಸೊಪ್ಪನ್ನು ಒಣಗಿಸಿ ಹದ ಮಾಡುವ ಬ್ಯಾರನ್ ಅನ್ನುವ ಎತ್ತರದ ಮನೆ ನಮ್ಮ ಕಡೆ ಊರೂರಲ್ಲಿದೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ, ಶಾಖ ತಗಡಿನ ಪೈಪಿನಲ್ಲಿ ಬ್ಯಾರನ್ನಿನೊಳಗೆಲ್ಲಾ ಸುತ್ತಬೇಕು, ಹೊಗೆ ಮಾತ್ರ ಅದೇ ಪೈಪಿನಿಂದ ಹೊರಗೆ ಹೋಗಬೇಕು. ಒಳಗೆ ಸೋರಿದರೆ ಸೊಪ್ಪು ಕೆಟ್ಟಿತು, ಹರಾಜಿನಲ್ಲಿ ಕೇಳುವವರಿಲ್ಲ. ಅದಕ್ಕೆ ಪ್ರತಿ ವರ್ಷ ಉರಿ ಹಾಕುವ ಮುಂಚೆ ಪೈಪು ಬಿಚ್ಚಿ, ಸಲಾಕೆಯಲ್ಲಿ ತಿವಿದು, ಕಟ್ಟಿದ ಮಸಿಯನ್ನೆಲ್ಲಾ ಉದುರಿಸಬೇಕು. ನಾನು ಕಾರು ತಂದು ನಿಲ್ಲಿಸಿದ ದಿನ ಅವನು ಮಾಡುತ್ತಿದ್ದದ್ದೂ ಅದನ್ನೇ. ಹುಣಸೂರಿನಿಂದ ಬರುವಾಗ ಏರಿನಲ್ಲಿ ಕಾರು ತಿಣುಕಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಬೈದು ಹೋದ ಅಂದೆ. ಅಷ್ಟೇ. ಸಲಾಕೆ ಕೈಯಲ್ಲೇ ಇತ್ತಲ್ಲ!

ನಿಜ ಹೇಳಬೇಕೆಂದರೆ, ಕಾರು ಓಡಿತು. ಕುದುರೆ ಹಾಗೆ ಓಡಿತು. ಹಿಂದಿನಿಂದ ಗುಡುಗಿದ ಹಾಗೆ ಸದ್ದು ಬೇರೆ. ನಾನೂ ಖುಷಿಯಾಗಿ ಅಣ್ಣಯ್ಯನಿಗೆ ಕೈ ಬೀಸಿ ಬಂದೆ.

ಖುಷಿ ಹುಣಸೂರು ತಲುಪುವವರೆಗೂ ಉಳಿಯಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು, ಆರಲೇ ಇಲ್ಲ. ಮಾರನೆಯ ದಿನ, ನಾನು ಪಾಠ ಹೇಳುವ ಶಾಲೆಗೆ ನನ್ನ ಜೊತೆ ಬರುವ ಕನ್ನಡ ಮೇಡಂ ಜಯಮ್ಮ ಕಿಟಕಿಗೆ ಮುಖ ಕೊಟ್ಟು ಕೂತವರು, "ತಲೆ ಸಿಡೀತಾ ಅದೆ ಕಣ್ರೀ" ಅಂದರು. ಸಂಜೆ ಶಾಲೆಯ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಹಿಂದೆ ನಿಂತಿದ್ದ ಮಕ್ಕಳೆಲ್ಲಾ ಮೂಗು ಮುಚ್ಚಿಕೊಂಡರು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕಣ್ಣುಜ್ಜುತ್ತಾ, "ಮಿಸ್, ನಿಮ್ ಕಾರು ಕಣ್ಣುರಿಸ್ತದೆ" ಅಂದಳು. ದಿನಾ ಟಾಟಾ ಮಾಡೋಕೆ ಅವು ನಿಲ್ಲುವುದೇ ಅಲ್ಲಿ, ಹೊಗೆಯ ಪೈಪಿನ ಎತ್ತರಕ್ಕೆ ಸರಿಯಾಗಿ. ನನಗೆ ಆ ಮಾತು ಚುರುಕ್ ಅಂತು.

ಆ ವಾರವೇ ಎಮಿಷನ್ ಟೆಸ್ಟ್‌ಗೆ ಹೋದೆ. ಹೋಗಲೇಬೇಕಿತ್ತು. ಕಾರಿಗೆ ಹದಿನೈದು ತುಂಬುತ್ತಿತ್ತು, ಆರ್‌ಸಿ ರಿನೀವಲ್ ಮಾಡಿಸಬೇಕು, ಇಲ್ಲದಿದ್ದರೆ ರಸ್ತೆಗಿಳಿಸುವ ಹಾಗಿಲ್ಲ. ಟೆಸ್ಟ್ ಫೇಲ್! ಮೇಷ್ಟ್ರ ಮಗ ಗಣಿತದಲ್ಲಿ ಫೇಲ್ ಆದ ಹಾಗಲ್ಲ, ಸೊನ್ನೆ ತೆಗೆದ ಹಾಗೆ.

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. "ಸ್ಕ್ರ್ಯಾಪ್‌ಗೆ ಕೊಟ್ಟುಬಿಡೋಣ ಬಿಡೇ. ಅದರ ಆಯಸ್ಸು ಮುಗೀತು. ಶಾಲೆಗೆ ನಾನೇ ಸ್ಕೂಟರಲ್ಲಿ ಬಿಟ್ಟು ಬರ್ತೀನಿ. ಊರಿಗೆ ಹೋಗ್ಬೇಕಾದ್ರೆ ಬಿಡುವಾದಾಗ ನಾನೇ ಕರ್ಕೊಂಡು ಹೋಗ್ತೀನಿ."

ಬಿಡುವಾದಾಗ! ಈ ಪದವನ್ನು ನಾನು ಮದುವೆಯಾದಾಗಿನಿಂದ ಕೇಳಿದ್ದೇನೆ. ಅವರಿಗೆ ಬಿಡುವಾಗಲಿ ಎಂದು ಕಾದು, ತವರಿನ ಎಷ್ಟು ಹಬ್ಬ ತಪ್ಪಿಸಿಕೊಂಡಿದ್ದೇನೋ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ತವರಿನ ಕಡೆ ಹೋಗುವ ಪಿರಿಯಾಪಟ್ಟಣದ ಬಸ್ಸಿಗೆ ನಿಂತು ಸವೆಸಿದ ಚಪ್ಪಲಿ ಎಷ್ಟೋ. ಮಕ್ಕಳು ಕಾಲೇಜಿಗೆ ಹೋದ ಮೇಲೆ, ಓಣಿಯವರೆಲ್ಲಾ ನಗುವಾಗ, ನಾನು ಡ್ರೈವಿಂಗ್ ಕಲಿತೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಅಂದಿನಿಂದ ಬೆಟ್ಟದಪುರಕ್ಕೆ ಹೋಗಬೇಕು ಅನಿಸಿದರೆ ಹೋಗುತ್ತೇನೆ. ಯಾರ ಬಿಡುವನ್ನೂ ಕೇಳುವುದಿಲ್ಲ. ಇದು ಗುಜರಿಗೆ ಹೋದರೆ ಹೋಗುವುದು ನಾಲ್ಕು ಚಕ್ರ ಮಾತ್ರವೇ? ನನ್ನ ಕಾಲೇ ಮುರಿದ ಹಾಗೆ. ಗಂಡಸರಿಗೆ ಇದು ಅರ್ಥವಾಗುವುದಿಲ್ಲ ಬಿಡಿ. ಅವರು ಹುಟ್ಟುವಾಗಲೇ ಕೀ ಹಿಡಿದುಕೊಂಡು ಹುಟ್ಟುತ್ತಾರೆ.

ಕೊಡಲ್ಲ ಅಂದೆ. "ನನ್ನ ಕಾರು ಗುಜರಿಗೆ ಕೊಡಲ್ಲ."

ಮೈಸೂರಿನ ಶೋರೂಮಿಗೆ ಫೋನ್ ಮಾಡಿದೆ. ಕಂಪನಿಯ ಕನ್ವರ್ಟರ್ ಬೆಲೆ ಹೇಳಿದರು. ಇನ್ನೊಂದು ಸಲ ಹೇಳಿಸಿಕೊಂಡೆ. ನನ್ನ ಇಡೀ ಕಾರು ಮಾರಿದರೂ ಅಷ್ಟು ಬರುವುದಿಲ್ಲ. "ಮೂಗಿಗಿಂತ ಮೂಗುತಿ ಭಾರ" ಎಂದು ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಗಾದೆ ಬಿಟ್ಟರು.

ಸರಿ, ನಮ್ಮ ಮೆಕ್ಯಾನಿಕ್ ಇಮ್ತಿಯಾಜ್ ಹತ್ತಿರ ಹೋದೆ. ಹುಣಸೂರಿನಲ್ಲಿ ಅವನ ಗ್ಯಾರೇಜಿಗೆ ಹೋದವರು ನಗದೆ ಬರುವುದಿಲ್ಲ. ಅಷ್ಟು ಬಾಯಿ. ಕಾರಿನ ಕೆಳಗೆ ಬಗ್ಗಿ ನೋಡಿ, ಬಾಯಿ ತುಂಬ ನಕ್ಕ.

"ಅರೆ ಮೇಡಂ, ನಿಮ್ಮಣ್ಣ ನನ್ ಕೆಲ್ಸ ಅರ್ಧ ಮಾಡವ್ರೆ. ಈಗ ಡಬ್ಬನೂ ಕಿತ್ತಾಕ್ಬುಟ್ಟು ಸೀದಾ ಒಂದು ಪೈಪ್ ವೆಲ್ಡ್ ಮಾಡ್ಬುಡ್ತೀನಿ. ಖಾಲಿ ಡೈರೆಕ್ಟ್! ಎಲ್ರೂ ಹಂಗೇ ಮಾಡಿಸ್ತಾರೆ."

"ಟೆಸ್ಟ್ ಹೇಗೆ ಪಾಸಾಗುತ್ತೆ?"

"ಅಯ್ಯೋ ಬುಡಿ ಮೇಡಂ. ಬೇರೆ ಗಾಡಿ ಪೈಪಿಗೆ ಮೀಟರ್ ಇಟ್ಟು ನಿಮ್ ನಂಬರ್ ಹಾಕ್ಸೋರು ಇದಾರೆ. ನಾನ್ ಮಾತಾಡ್ತೀನಿ."

ಒಂದು ಗಳಿಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ? ಸುಲಭ, ಅಗ್ಗ, ಕಾರೂ ಉಳಿಯುತ್ತದೆ. ಆದರೆ ಕಣ್ಣುಜ್ಜುತ್ತಿದ್ದ ಆ ಹುಡುಗಿ ಎದುರು ಬಂದು ನಿಂತಳು. ನಾಳೆಯೂ ಅವಳು ಟಾಟಾ ಮಾಡೋಕೆ ಅಲ್ಲೇ ನಿಲ್ಲುತ್ತಾಳೆ. ಬೇರೆ ಗಾಡಿಯ ಪೈಪಿನ ಹತ್ತಿರ ಅಲ್ಲ, ನನ್ನ ಗಾಡಿಯ ಪೈಪಿನ ಹತ್ತಿರ.

"ಡೈರೆಕ್ಟ್ ಬೇಡ. ಕನ್ವರ್ಟರೇ ಹಾಕಿ. ಕಂಪನಿಯದ್ದಲ್ಲದಿದ್ದರೂ ಪರವಾಗಿಲ್ಲ, ಕೆಲಸ ಮಾಡುವಂಥದ್ದು ಹುಡುಕಿ" ಎಂದೆ. ಇಮ್ತಿಯಾಜ್ ನನ್ನನ್ನು, ಜ್ವರ ಬಂದವರನ್ನು ನೋಡುವ ಹಾಗೆ ನೋಡಿದ.

ಈ "ಡೈರೆಕ್ಟ್" ಅನ್ನುವುದು ನಮ್ಮ ದೊಡ್ಡ ಕಾಯಿಲೆ ಕಣ್ರೀ. ಬೋರ್‌ವೆಲ್ ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತಾ? ಡೈರೆಕ್ಟ್ ಕೊಡು. ಮೋಟರ್ ಸುಟ್ಟ ಮೇಲೆ ಕಣ್ಣೀರು ಹಾಕು. ಸ್ಕೂಟರಿನ ಕನ್ನಡಿ ಸಂದಿಯಲ್ಲಿ ತಗಲುತ್ತಾ? ಕಿತ್ತು ಅಟ್ಟಕ್ಕೆ ಹಾಕು. ಬೈಕಿನ ಸೈಲೆನ್ಸರ್ ಸದ್ದು ಕಡಿಮೆಯಾ? ಒಳಗಿನದ್ದು ತೆಗೆಸು, ಬೀದಿಯ ಕೂಸುಗಳೆಲ್ಲಾ ಬೆಚ್ಚಿ ಏಳಲಿ. ನಮಗೆ ಕಾಣದ ಹಾಗೆ ಕೆಲಸ ಮಾಡುವುದೆಲ್ಲಾ ನಮ್ಮ ಕಣ್ಣಿಗೆ ಕಸ. ಮನೆಯಲ್ಲೂ ಹಾಗೇ ಅಲ್ಲವೇ? (ಯಾರ ಬಗ್ಗೆ ಹೇಳುತ್ತಿದ್ದೇನೆ ಅಂತ ಅಡುಗೆಮನೆಯಲ್ಲಿರುವವರಿಗೆ ಗೊತ್ತಾಗುತ್ತದೆ.)

ಇಮ್ತಿಯಾಜ್ ಎಲ್ಲಿಂದಲೋ ಒಂದು ಡಬ್ಬ ತರಿಸಿದ. ಫಳಫಳ ಹೊಳೆಯುತ್ತಿತ್ತು. "ಲೋಕಲ್ ಮಾಲ್ ಮೇಡಂ, ಏ ಒನ್!" ಎತ್ತಿದರೆ ಹಗುರ. ಮೊಬೈಲ್ ಟಾರ್ಚ್ ಹಾಕಿ ಒಂದು ಬಾಯಿಯಿಂದ ಇಣುಕಿದೆ. ಆ ಕಡೆ ಇಮ್ತಿಯಾಜ್ ನಿಂತಿದ್ದ.

"ಇಮ್ತಿಯಾಜ್, ಇದರೊಳಗೆ ಜಾಲರಿ ಇರಬೇಕಾದ ಜಾಗದಲ್ಲಿ ನಿಮ್ಮ ಶರ್ಟಿನ ಗುಂಡಿ ಕಾಣ್ತಿದೆಯಲ್ಲ?"

ಅವನೂ ಇಣುಕಿದ. ಪಾಪ, ಅವನಿಗೂ ಗೊತ್ತಿರಲಿಲ್ಲ. "ಥೂ ಇವ್ನ! ನಂಗೇ ಟೋಪಿ ಹಾಕ್ಬುಟ್ಟ!" ಎಂದು ತಂದುಕೊಟ್ಟವನಿಗೆ ಫೋನಿನಲ್ಲೇ ಪೂಜೆ ಮಾಡಿದ. ಅಲ್ಲಿಂದ ಅದು ಅವನ ಮಾನದ ಪ್ರಶ್ನೆಯೂ ಆಯಿತು. ಅವನೇ ನನ್ನನ್ನು ಪೇಟೆಯಲ್ಲಿ ಬಿಡಿಭಾಗದ ಅಂಗಡಿ ನಡೆಸುವ ನಸ್ರೀನ್ ಹತ್ತಿರ ಕರೆದುಕೊಂಡು ಹೋದ. ತಂದೆಯ ಕಾಲದಿಂದ ಬಂದ ಅಂಗಡಿ. ಈಗ ಕೌಂಟರಿನಲ್ಲಿ ಅವಳೇ ಕೂರುತ್ತಾಳೆ. ಗಿರಾಕಿ ಅಂತ ನಯವಾಗಿ ಮಾತಾಡುವ ಅಭ್ಯಾಸ ಅವಳಿಗಿಲ್ಲ.

"ನಿಮ್ ಮಾಡೆಲ್‌ಗೇ ಅಂತ ಮಾಡಿದ್ದು ಬರ್ತದೆ ಮೇಡಂ. ಕೊಯಮತ್ತೂರಿಂದ ತರಿಸ್ತೀನಿ. ಕಂಪನಿ ಮಾಲಿನಷ್ಟು ದಿನ ಬಾಳಿಕೆ ಬರ್ತದೆ ಅಂತ ನಾನ್ ಸುಳ್ಳು ಹೇಳಲ್ಲ. ಆದ್ರೆ ಒಳಗಡೆ ಮಾಲ್ ಇರ್ತದೆ, ವಾರಂಟಿ ಬಿಲ್ ಇರ್ತದೆ. ಒಂದ್ ಮಾತು. ಹಳೇದು ಯಾಕೆ ಕಟ್ಕೊಳ್ತು ಅಂತ ಮೊದ್ಲು ನೋಡಿ. ಪ್ಲಗ್ ಕೆಟ್ಟು, ಸರಿಯಾಗಿ ಉರೀದಿರೋ ಪೆಟ್ರೋಲ್ ಅದ್ರೊಳಗೆ ಬಂದಿರ್ತದೆ. ಅದನ್ನ ಸರಿ ಮಾಡಿಸ್ದೆ ಹಾಕ್ಸಿದ್ರೆ ಇದೂ ಹಾಳಾಗ್ತದೆ. ಆಗ ನನ್ ಅಂಗ್ಡಿ ಮುಂದೆ ಬಂದು ಕೂಗಾಡ್ಬಾರ್ದು."

ಬೆಲೆ? ಮೂಗುತಿ ಮೂಗಿಗೆ ಒಪ್ಪುವಷ್ಟೇ ಇತ್ತು. ಮಾಲು ಬಂತು. ಮತ್ತೆ ಟಾರ್ಚ್ ಹಾಕಿ ನೋಡಿದೆ. ಬಾಯಿ ತುಂಬ ಜಾಲರಿ, ಬೆಳಕು ಮಾತ್ರ ಮಬ್ಬಾಗಿ ಸೋಸಿ ಬರುತ್ತಿತ್ತು. ಇಮ್ತಿಯಾಜ್ ಸುಟ್ಟುಹೋದ ಪ್ಲಗ್ ತೆಗೆದು ಹೊಸದು ಹಾಕಿದ.

ಕನ್ವರ್ಟರ್ ಕೂರಿಸುವ ದಿನ ಗ್ಯಾರೇಜಿಗೆ ನಮ್ಮಣ್ಣ ಬಂದ. ಬೆಟ್ಟದಪುರದಿಂದ ಬಸ್ಸಿನಲ್ಲಿ, ಹೆಗಲ ಮೇಲೆ ಹಲಸಿನಹಣ್ಣು, ಮುಖ ಮಾತ್ರ ಊದಿಕೊಂಡಿದೆ. ಯಾರೋ ಸುದ್ದಿ ಮುಟ್ಟಿಸಿದ್ದರು.

"ನಾನು ತೆಗ್ದಿದ್ದ ಕಸನೇ ದುಡ್ಡು ಕೊಟ್ಟು ತಿರ್ಗಾ ತುಂಬಸ್ತಿಯಂತಲ್ಲ? ನಾಕ್ ಜನುಕ್ಕೆ ಗೊತ್ತಾದ್ರೆ ಏನಂದಾರು? ಬ್ಯಾರನ್ ಪೈಪು ಕಟ್ಕಂಡ್ರೆ ಇಡೀ ಊರು ನನ್ನೇ ಕರೀತದೆ ಕಣಮ್ಮಿ!"

ನನಗೆ ಸಂಕಟವಾಯಿತು. ಅವನು ಪ್ರೀತಿಯಿಂದ ಬೆವರು ಸುರಿಸಿದ್ದು ನಿಜ. ಆದರೆ ಬಿಟ್ಟುಕೊಡುವ ಹಾಗಿರಲಿಲ್ಲ.

"ಅಣ್ಣಯ್ಯ, ಬ್ಯಾರನ್ನಿನಲ್ಲಿ ಹೊಗೆ ಯಾಕೆ ಹೊರಗೆ ಹೋಗ್ಬೇಕು?"

"ಸೊಪ್ಪಿಗೆ ತಾಕ್ಬಾರ್ದು ಅಂತ. ತಾಕುದ್ರೆ ಕೆಟ್ಟೋಯ್ತದೆ."

"ಸರಿ. ಸೊಪ್ಪು ಒಳಗಿರುತ್ತೆ. ಹೊರಗೆ ಯಾರಿರ್ತಾರೆ?"

ಅಣ್ಣಯ್ಯ ಹಲಸಿನಹಣ್ಣು ಇಳಿಸಿ ಸ್ಟೂಲಿನ ಮೇಲೆ ಕೂತ. ಶಾಲೆಯ ಮಕ್ಕಳ ವಿಷಯ ಹೇಳಿದೆ. ಕೇಳಿಸಿಕೊಂಡ. ಆಮೇಲೆ ಹೊಸ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಜಾಲರಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದ.

"ನಾವೇಯ ಇರೋದು ಹೊರುಗೆ" ಅಂದ. "ಸೊಪ್ಪು ನೋಡ್ಕಂಡಂಗೆ ನಮ್ಮುನ್ನ ನಾವು ನೋಡ್ಕನಿಲ್ಲ ಬುಡು. ಹಾಕಪ್ಪ ಇಮ್ತಿಯಾಜು, ಸರ್ಯಾಗಿ ಹಾಕು."

ನಮ್ಮಣ್ಣ ಸೋತು ಹೇಳಿದ ಮಾತಲ್ಲ ಅದು.

ವೆಲ್ಡಿಂಗ್ ಮುಗಿದು ಎಂಜಿನ್ ಸ್ಟಾರ್ಟ್ ಮಾಡಿದೆ. ಗುಡುಗು ಮಾಯ. ಅಣ್ಣಯ್ಯ ಕಾರಿನ ಹಿಂದೆ ಹೋಗಿ, ಬಗ್ಗಿ, ಮೂಗರಳಿಸಿ ನಿಂತ. "ಸ್ಟಾರ್ಟ್ ಮಾಡಮ್ಮಿ" ಅಂದ. ಆಗಿದೆ ಅಣ್ಣಯ್ಯ ಅಂದೆ. "ಆಗೋಯ್ತಾ? ವಾಸ್ನೆಯೇ ಬರ್ನಿಲ್ವಲ್ಲ!" ಇಮ್ತಿಯಾಜ್ ಸ್ಪ್ಯಾನರ್ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕ.

ಹಳದಿ ದೀಪ ಆರಿತು. ಟೆಸ್ಟ್ ಪಾಸಾಯಿತು, ನನ್ನ ಗಾಡಿಯ ಪೈಪಿಗೇ ಮೀಟರ್ ಇಟ್ಟು. ಆಮೇಲೆ ಆರ್‌ಸಿಯೂ ರಿನೀವಲ್ ಆಗಿ ಬಂತು. ಜಯಮ್ಮನವರು ಕಾರಿನಲ್ಲಿ ಈಗ ನಿದ್ದೆ ಮಾಡುತ್ತಾರೆ. ಮಕ್ಕಳನ್ನು ಮಾತ್ರ ಕಾರಿನ ಹಿಂದೆ ನಿಲ್ಲಬೇಡಿ ಅಂತ ಈಗಲೂ ಗದರುತ್ತೇನೆ. ಕನ್ವರ್ಟರ್ ಇದೆ ಅಂತ ಹೊಗೆ ಪನ್ನೀರಾಗುವುದಿಲ್ಲ.

ಕಳೆದ ಭಾನುವಾರ ಕೆ.ಆರ್. ನಗರದಲ್ಲಿ ನೆಂಟರ ಮನೆಯ ಬೀಗರೂಟ. ಅಣ್ಣಯ್ಯ ಬೆಳಿಗ್ಗೆಯೇ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದ. ನಮ್ಮ ಮನೆಯವರು ಇಸ್ತ್ರಿ ಶರ್ಟ್ ಹಾಕಿಕೊಂಡು, ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ತಟ್ಟಿ, "ಪರವಾಗಿಲ್ಲ ಕಣೇ, ಗಟ್ಟಿ ಗಾಡಿ. ನೆಂಟರೆಲ್ಲಾ ಬಂದಿರ್ತಾರೆ, ಕೀ ಕೊಡು, ನಾನೇ ಓಡಿಸ್ತೀನಿ" ಎಂದು ಕೈ ಚಾಚಿದರು. ಗುಜರಿಗೆ ಹಾಕೋಣ ಅಂದಿದ್ದವರದೇ ಕೈ.

ನಾನು ಡ್ರೈವರ್ ಸೀಟಿನಲ್ಲಿ ಕೂತು, ಕೀ ತಿರುಗಿಸಿ ಸ್ಟಾರ್ಟ್ ಮಾಡಿ ಹೇಳಿದೆ: "ಬನ್ನಿ, ಹಿಂದಿನ ಸೀಟು ಖಾಲಿ ಇದೆ."