ಮೊಟ್ಟೆ ಬೇಯಿಸಬೇಡಿ ಎಂದ ಲೇಔಟು

ವಿಜಯನಗರ ಹೊಸ ಜಿಲ್ಲೆಯಾಗಿ ಮೂರು ವರ್ಷ ಕಳೆದಾಗ ನಾನು ಹೊಸಪೇಟೆ ಭಾಗದಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದೆ. ಜಿಲ್ಲಾ ಕೇಂದ್ರ ಎಂಬ ಹೆಸರು ಬಂದದ್ದೇ ತಡ, ಮಲಪನಗುಡಿ ಕಡೆಯ ಬಾಳೆ, ಕಬ್ಬಿನ ಹೊಲಗಳಲ್ಲಿ ಸೈಟಿನ ಕಲ್ಲು ನೆಟ್ಟರು. ಅಂಥದೊಂದು ಲೇಔಟಿನ ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ನಮ್ಮ ಕೇಂದ್ರ ಬಾಡಿಗೆಗಿತ್ತು. ಲೇಔಟಿನವರ ಮಕ್ಕಳು ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದವು. ನಮ್ಮಲ್ಲಿಗೆ ಬರುತ್ತಿದ್ದುದು ಆ ಮನೆಗಳಲ್ಲಿ ಪಾತ್ರೆ ತಿಕ್ಕುವ, ರೊಟ್ಟಿ ಬಡಿಯುವ ಹೆಂಗಸರ ಮಕ್ಕಳು.

ಹುಲಿಗೆಮ್ಮನ ಮಗಳು ಭಾಗ್ಯಾ ಅವರಲ್ಲೊಬ್ಬಳು, ನಾಲ್ಕು ವರ್ಷದವಳು. ಮಕ್ಕಳ ತೂಕದ ಚಾರ್ಟಿನಲ್ಲಿ ಹಸಿರು ಪಟ್ಟಿಯಿದ್ದರೆ ಸರಿ, ಹಳದಿಯಾದರೆ ಕಡಿಮೆ, ಕೆಂಪಾದರೆ ಅಪಾಯ. ಭಾಗ್ಯಾ ಕೆಂಪಿನಲ್ಲಿದ್ದಳು. ಮಗುವಿಗೆ ಏನು ತಿನ್ನಿಸುತ್ತೀ ಎಂದು ತಾಯಿಯನ್ನು ಕೇಳಿದೆ.

"ಈ ಲೇಔಟ್ ಇರೋ ಹೊಲಕ್ಕ ಕಳೆ ತಗಿಯಾಕ ಬರ್ತಿದ್ನಿರಿ. ಉಡ್ಯಾಗ ರಾಜಗಿರಿ, ಕಿರಕಸಾಲಿ ಸೊಪ್ಪು ಕಟ್ಕೊಂಡು ಹೋಗ್ತಿದ್ನಿ. ಹೊಲದವ್ರು ಮಜ್ಜಿಗಿ ಕೊಡ್ತಿದ್ರು. ಈಗ ಬೆಳಕು ಹರಿಯೋದ್ರಾಗ ಮನಿ ಬಿಡಬೇಕು. ಅಂಗಡಿ ಚಿಪ್ಸ್ ಪಾಕೀಟು ಕೈಯಾಗ ಕೊಟ್ಟು ಬರ್ತೀನ್ರಿ," ಎಂದಳು.

ಹೊಲದ ಜೊತೆಗೇ ಸೊಪ್ಪು, ಮಜ್ಜಿಗೆ ಎರಡೂ ಹೋಗಿದ್ದವು. ಆ ಮಗುವಿಗೆ ಮೈಗೆ ಹತ್ತುವ ಆಹಾರವೆಂದರೆ ನಮ್ಮ ಬಿಸಿಯೂಟ ಮತ್ತು ಮೊಟ್ಟೆ ಮಾತ್ರ. ನಿಧಾನವಾಗಿ ತೂಕ ಏರತೊಡಗಿತ್ತು.

ಆಗ ಲೇಔಟಿನ ಸಂಘದ ಅಧ್ಯಕ್ಷರು ನನ್ನನ್ನು ಕರೆಸಿದರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದವರು. "ಮೇಡಂ, ತತ್ತಿ ವಾಸನಿ ಭಾಳ ಬರ್ತೈತ್ರಿ. ಇಲ್ಲಿ ಇರೋರ್ಯಾರೂ ಅದನ್ನ ಮುಟ್ಟೋರಲ್ಲ. ಮಕ್ಕಳಿಗೆ ಬಾಳೆಹಣ್ಣು ಕೊಡ್ರಿ. ಆಗೂದಿಲ್ಲಂದ್ರ ತಿಂಗಳ ಕೊನಿಗೆ ಖೋಲಿ ಬಿಡ್ರಿ," ಎಂದರು. ಆಮೇಲೆ ದನಿ ತಗ್ಗಿಸಿ, "ನೀವೂ ನಮ್ಮವರ ಅಲ್ಲೇನ್ರಿ?" ಎಂದರು.

ಮೈಯೆಲ್ಲ ಉರಿದುಹೋಯಿತು. ಹೌದು, ನಮ್ಮ ಮನೆಯೊಳಗೂ ಮೊಟ್ಟೆ ಬರುವುದಿಲ್ಲ. ನಾನು ತಿನ್ನುವುದಿಲ್ಲವೆಂದು ಹುಲಿಗೆಮ್ಮನ ಮಗಳು ಸೊರಗಬೇಕೇ? ಬಾಳೆತೋಟ ಕಡಿಸಿ ಮನೆ ಕಟ್ಟಿಕೊಂಡವರು ನನಗೆ ಬಾಳೆಹಣ್ಣಿನ ಉಪದೇಶ ಮಾಡುತ್ತಿದ್ದರು. "ತತ್ತಿ ನಿಲ್ಲಂಗಿಲ್ರಿ," ಎಂದು ಎದ್ದು ಬಂದೆ. ಆದರೆ ಬೇರೆ ಕೋಣೆ ಎಲ್ಲಿಂದ ತರುವುದು? ಅಂಗನವಾಡಿ ಎಂದೊಡನೆ ಸುತ್ತಲಿನ ಮನೆಯವರು ಬಾಡಿಗೆಗೆ ಇಲ್ಲ ಎನ್ನುತ್ತಿದ್ದರು. ಕೇಂದ್ರ ಮುಚ್ಚಿದರೆ ಭಾಗ್ಯಾಳಿಗೆ ಮತ್ತೆ ಪಾಕೀಟೇ ಗತಿ.

ತಾಯಂದಿರನ್ನೂ ಸಂಘದವರನ್ನೂ ಸೇರಿಸಿ ಸಭೆ ಕರೆದೆ. ಅಧ್ಯಕ್ಷರು ಮತ್ತೆ ವಾಸನೆಯ ಮಾತೆತ್ತಿದಾಗ ಹಿಂದೆ ಕುಳಿತಿದ್ದ ಹುಲಿಗೆಮ್ಮ ಎದ್ದು ನಿಂತಳು.

"ಸಾಹುಕಾರ್ರ, ನಮ್ಮ ಮನ್ಯಾಗ ತತ್ತಿ ತಿಂತೀವ್ರಿ. ಇದ ಕೈಲೆ ನಿಮ್ಮ ಮನಿ ರೊಟ್ಟಿ ಬಡೀತೀನಿ. ಅದಕ್ಕ ವಾಸನಿ ಬಂದಿಲ್ಲೇನ್ರಿ?"

"ಅದು ಬ್ಯಾರೆ ಮಾತು," ಎಂದರು ಅಧ್ಯಕ್ಷರು. "ಹಂಗಾದ್ರ ನಾಳಿಂದ ನಾನು ಬರೂದಿಲ್ರಿ," ಎಂದು ಮಗಳನ್ನು ಎತ್ತಿಕೊಂಡು ಹೊರಟಳು. ಉಳಿದ ತಾಯಂದಿರೂ ಅವಳ ಹಿಂದೆಯೇ ನಡೆದರು. ದುಡಿದು ತಿನ್ನುವ ಆ ಹೆಂಗಸರಿಗೆ ಕೆಲಸ ಬಿಡುವುದು ಸಣ್ಣ ಮಾತಾಗಿರಲಿಲ್ಲ.

ಮರುದಿನದಿಂದ ಲೇಔಟಿನ ಒಲೆಗಳ ಮೇಲೆ ರೊಟ್ಟಿಯಿಲ್ಲ. ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ. ಅಕ್ಕಿ ಗಿರಣಿಯ ಧಣಿಗೆ ಡಾಕ್ಟರು ಅನ್ನ ಬಿಡಿಸಿ ಜೋಳದ ರೊಟ್ಟಿ ಹಚ್ಚಿದ್ದರು. ಅವರ ಮನೆಯಲ್ಲಿ ರೊಟ್ಟಿ ಬಡಿಯಲು ಗೊತ್ತಿದ್ದವರು ಯಾರೂ ಇರಲಿಲ್ಲ; ಅಂಗಡಿಯ ಕಡಕ್ ರೊಟ್ಟಿ ಅವರ ಹಲ್ಲಿಗೆ ಆಗುತ್ತಿರಲಿಲ್ಲ. ವಾರ ತುಂಬುವ ಮೊದಲೇ ಅವರ ಹೆಂಡತಿ ಕೇಂದ್ರದ ಬಾಗಿಲಿಗೆ ಬಂದು, "ಹುಲಿಗೆಮ್ಮಗ ಒಂದು ಮಾತು ಹೇಳ್ರಿ ಮೇಡಂ, ಇವ್ರಿಗೆ ಊಟ ಸೇರವಲ್ದು," ಎಂದರು. ಹಿಂದೆಯೇ ಅಧ್ಯಕ್ಷರೂ ಬಂದರು.

"ಆತು ಬಿಡ್ರಿ, ಬೇಯಿಸ್ಕೊಳ್ರಿ. ಕಿಟಕಿ ಮಾತ್ರ ಮುಚ್ಚಿಸ್ರಿ."

"ಒಲಿ ಉರಿಯೋ ಖೋಲ್ಯಾಗ ಮಕ್ಕಳು ಕುಂತಿರ್ತಾವ್ರಿ. ಕಿಟಕಿ ತೆಗದ ಇರ್ತೈತಿ," ಎಂದೆ.

ಕಿಟಕಿ ತೆರೆದೇ ಇತ್ತು. ಹುಲಿಗೆಮ್ಮ ಕೆಲಸಕ್ಕೆ ಮರಳಿದಳು. ನಾನು ನಿವೃತ್ತಳಾಗುವ ಹೊತ್ತಿಗೆ ಭಾಗ್ಯಾ ಹಸಿರು ಪಟ್ಟಿಗೆ ಬಂದಿದ್ದಳು. ಗೆದ್ದಿರಲ್ಲ ಮೇಡಂ ಎಂದು ಈಗಲೂ ಕೆಲವರು ಹೇಳುತ್ತಾರೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಕೆಂಪು ಪಟ್ಟಿಯಲ್ಲಿದ್ದ ಮಗುವಿನ ಚಾರ್ಟನ್ನು ನಾನು ಅಂದು ಸಭೆಯಲ್ಲಿ ಎಲ್ಲರ ಕೈಗೂ ಕೊಟ್ಟಿದ್ದೆ, ನೋಡಿ ಮಡಚಿ ಹಿಂದಕ್ಕೆ ಕೊಟ್ಟಿದ್ದರು. ಹಸಿವು ಅವರಿಗೆ ಅರ್ಥವಾದದ್ದು ತಮ್ಮ ತಟ್ಟೆಯಲ್ಲಿ ರೊಟ್ಟಿ ಇಲ್ಲವಾದಾಗ. ನೌಕರಿ ನನಗೆ ಕಲಿಸಿದ್ದು ಇಷ್ಟೇ.