ಅನ್ವಿತಾಳ ಇಪ್ಪತ್ತೇಳು ಅಂಕ

ಕೋವಿಡ್ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ ಅದು. ನಾನಾಗ ಡೊಂಬಿವಲಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಆರನೇ ತರಗತಿಯ ಕ್ಲಾಸ್ ಟೀಚರ್, ಗಣಿತದ ಶಿಕ್ಷಕಿಯೂ ನಾನೇ. ಶಾಲೆ ನಡೆಸುತ್ತಿದ್ದುದು ನಮ್ಮ ಕಡೆಯವರ ಸಂಘವಾದ್ದರಿಂದ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ, ತುಳು ಮನೆಗಳವರು. ಮನೆಯಲ್ಲಿ ಕೇಳುವುದು ಒಂದು ಭಾಷೆ, ಉತ್ತರ ಕೊಡುವುದು ಹಿಂದಿಯಲ್ಲಿ. ನನಗೆ ಸೇವೆಯಲ್ಲಿ ಇಪ್ಪತ್ತೊಂಬತ್ತನೇ ವರ್ಷ. ಮಗುವಿನ ಮುಖ ನೋಡಿದರೆ ಲೆಕ್ಕ ಬರುತ್ತದೋ ಇಲ್ಲವೋ ಹೇಳಬಲ್ಲೆ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದ ಕಾಲ. ಆ ಜಂಬ ಹೇಗೆ ಇಳಿಯಿತು ಎಂಬುದನ್ನು ಬರೆಯುತ್ತಿದ್ದೇನೆ.

ಎರಡು ವರ್ಷ ಮೊಬೈಲಿನಲ್ಲಿ ಪಾಠ ಕೇಳಿ ಬಂದ ನಲವತ್ತೊಂದು ಮಕ್ಕಳು. ಹಿಂದಿನ ಅಂಕಪಟ್ಟಿಗಳನ್ನು ನಂಬುವಂತಿರಲಿಲ್ಲ, ಎಲ್ಲರೂ ಪಾಸ್, ಎಲ್ಲರಿಗೂ ಎ ಗ್ರೇಡ್. ನಮ್ಮ ಕೋ-ಆರ್ಡಿನೇಟರ್ ರೂಪಾ ಮೇಡಂ ಮೈಸೂರಿನವರು, ಐಟಿ ಕಂಪನಿಯ ಕೆಲಸ ಬಿಟ್ಟು ಶಾಲೆಗೆ ಬಂದವರು. ಅವರೊಂದು ದಾರಿ ಹೇಳಿದರು. ಜೂನ್‌ನಲ್ಲೇ ಒಂದು ಬೇಸ್‌ಲೈನ್ ಟೆಸ್ಟ್, ಅಂದರೆ ಮಗು ಈಗ ಎಲ್ಲಿದೆ ಎಂದು ತಿಳಿಯುವ ಪರೀಕ್ಷೆ, ಮೂವತ್ತು ಅಂಕಕ್ಕೆ. ಆ ಅಂಕದ ಪ್ರಕಾರ ಮೂರು ಗುಂಪು. ಪಾಠ ಒಂದೇ, ಆದರೆ ಗುಂಪಿಗೆ ತಕ್ಕ ಬೇರೆ ಬೇರೆ ವರ್ಕ್‌ಶೀಟ್. ಡಿಫರೆನ್ಷಿಯೇಟೆಡ್ ಇನ್‌ಸ್ಟ್ರಕ್ಷನ್ ಎಂಬ ದೊಡ್ಡ ಹೆಸರಿನ ಒಳಗೆ ಇದ್ದದ್ದು ಇಷ್ಟೇ. ಮಕ್ಕಳ ಮನಸ್ಸಿಗೆ ನೋವಾಗಬಾರದೆಂದು ಉತ್ತರಪತ್ರಿಕೆಗಳನ್ನು ಹಿಂದಿರುಗಿಸಲಿಲ್ಲ, ಅಂಕವನ್ನೂ ಹೇಳಲಿಲ್ಲ. ಗುಂಪುಗಳಿಗೆ ಮಲ್ಲಿಗೆ, ಸೇವಂತಿಗೆ, ದಾಸವಾಳ ಎಂದು ನಾನೇ ಮುದ್ದಾಗಿ ಹೆಸರಿಟ್ಟೆ. ಎರಡೇ ದಿನದಲ್ಲಿ ಮಕ್ಕಳು ಅದನ್ನು ಇಲ್ಲಿನ ರೈಲುಗಳ ಹಾಗೆ ಫಾಸ್ಟ್ ಲೋಕಲ್, ಸೆಮಿ-ಫಾಸ್ಟ್, ಸ್ಲೋ ಲೋಕಲ್ ಮಾಡಿಬಿಟ್ಟವು.

ಇಲ್ಲಿ ನನ್ನ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಈ ಊರಿನ ಶಾಲೆಗಳಲ್ಲಿ ಹಾಜರಿ ಕರೆಯುವುದು ಅಡ್ಡಹೆಸರಿನಿಂದ. ಮೊದಲು ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಕೊನೆಗೆ ಅಪ್ಪನ ಹೆಸರು. ನಮ್ಮ ಶಾಲೆಯಲ್ಲಿ ಹಾಗೆ ಕರೆದರೆ ಶೆಟ್ಟಿ, ಶೆಟ್ಟಿ, ಶೆಟ್ಟಿ, ಸುವರ್ಣ ಎಂದು ಜಾತಿಯ ಜನಗಣತಿ ಮಾಡಿದಂತಾಗುತ್ತಿತ್ತು. ಮಗುವನ್ನು ಅದರ ಹೆಸರು ಹಿಡಿದೇ ಕರೆಯಬೇಕು ಎಂಬುದು ನನ್ನ ಹಟ. ಆದ್ದರಿಂದ ಪ್ರತಿ ವರ್ಷ ನನ್ನದೇ ಒಂದು ರಿಜಿಸ್ಟರ್ ಮಾಡಿಕೊಳ್ಳುತ್ತಿದ್ದೆ, ಮಕ್ಕಳ ಹೆಸರಿನ ಅಕ್ಷರಕ್ರಮದಲ್ಲಿ. ಆಫೀಸಿನ ಪಟ್ಟಿ ಅಡ್ಡಹೆಸರಿನ ಕ್ರಮದಲ್ಲೇ ಇರುತ್ತಿತ್ತು. ಪ್ರೀತಿಯಿಂದ ಮಾಡಿಕೊಂಡ ಏರ್ಪಾಡು ಅದು, ಅದರಿಂದ ಯಾರಿಗೂ ತೊಂದರೆಯಾಗಬಹುದು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಬೇಸ್‌ಲೈನ್ ಪೇಪರ್‌ಗಳನ್ನು ನನ್ನ ಕ್ರಮದಲ್ಲೇ ಜೋಡಿಸಿ ತಿದ್ದಿದೆ, ರಿಜಿಸ್ಟರಿನಲ್ಲಿ ಅಂಕ ಬರೆದೆ, ಅದೇ ಕ್ರಮದಲ್ಲಿ ಲ್ಯಾಪ್‌ಟಾಪಿನಲ್ಲೂ ಹೊಡೆದೆ. ಆಮೇಲೆ ಹೆಸರು ಬಿಟ್ಟು ಅಂಕಗಳ ಪಟ್ಟಿಯನ್ನಷ್ಟೇ ಕಾಪಿ ಮಾಡಿ ಆಫೀಸಿನ ಎಕ್ಸೆಲ್ ಶೀಟಿನಲ್ಲಿ ಪೇಸ್ಟ್ ಮಾಡಿದೆ. ಅಲ್ಲೂ ನಲವತ್ತೊಂದು ಹೆಸರು, ಇಲ್ಲೂ ನಲವತ್ತೊಂದು ಅಂಕ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಶೀಟ್ ತಾನೇ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿಕೊಂಡಿತು. ಪ್ರಿಂಟ್ ತೆಗೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಪೇಪರ್‌ಗಳ ಕಟ್ಟಿಗೆ ದಾರ ಬಿಗಿದು ಮೇಲಿನ ಅರೆಗೆ ಎಸೆದೆ.

ಅನ್ವಿತಾ ಶೆಟ್ಟಿ ಎಂಬ ಹುಡುಗಿ ಕೆಂಪಿನಲ್ಲಿ, ಅಂದರೆ ದಾಸವಾಳ ಗುಂಪಿನಲ್ಲಿ ಬಂದಳು, ಮೂವತ್ತಕ್ಕೆ ಏಳು. ತೆಳ್ಳಗೆ, ಎರಡು ಜಡೆ, ಬಾಯಿಗಿಂತ ಕಣ್ಣೇ ಹೆಚ್ಚು ಮಾತಾಡುವ ಮಗು. ತಂದೆ ಪ್ರಭಾಕರ ಶೆಟ್ಟರು ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮೊದಲ ವಾರ ಅವಳಿಗೆ ಕೊಟ್ಟದ್ದು ಎರಡಂಕಿಯ ಭಾಗಾಕಾರದ ಹಾಳೆ. ಐದು ನಿಮಿಷಕ್ಕೆ ಮುಗಿಸಿ ತಂದಳು.

"ಟೀಚರ್, ಯೇ ಮುಝೇ ಆತಾ ಹೈ." ಇದು ನನಗೆ ಬರುತ್ತದೆ.

"ಬಂದ್ರೆ ಒಳ್ಳೇದೇ ಆಯ್ತಲ್ಲ. ಇನ್ನೊಂದು ಹಾಳೆ ಮಾಡು," ಎಂದು ಅಂಥದ್ದೇ ಇನ್ನೊಂದು ಕೊಟ್ಟೆ. ನನ್ನ ಡೈರಿಯಲ್ಲಿ 'ಸುಲಭದ ಹಾಳೆಯಲ್ಲಿ ಒಳ್ಳೆಯ ಪ್ರಗತಿ' ಎಂದು ಬರೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಜುಲೈ, ಆಗಸ್ಟ್ ಹೀಗೇ ನಡೆಯಿತು. ಮಲ್ಲಿಗೆ ಗುಂಪು ಭಿನ್ನರಾಶಿ ಮುಗಿಸಿ ದಶಮಾಂಶಕ್ಕೆ ಹೋಯಿತು, ಅವಳ ಕೈಯಲ್ಲಿ ಇನ್ನೂ ಭಾಗಾಕಾರ. ಸೆಪ್ಟೆಂಬರ್ ಹೊತ್ತಿಗೆ ಅವಳು ಹಾಳೆಗಳನ್ನು ಅರ್ಧಕ್ಕೆ ಬಿಡತೊಡಗಿದಳು. ಅಕ್ಟೋಬರಿನ ಮೊದಲ ಟರ್ಮ್ ಪರೀಕ್ಷೆ ಎಲ್ಲರಿಗೂ ಒಂದೇ ಪೇಪರ್, ತಿದ್ದಿ ಮಕ್ಕಳ ಕೈಗೇ ಕೊಟ್ಟೆ. ಅದರಲ್ಲಿ ಅವಳಿಗೆ ಮೂವತ್ತಕ್ಕೆ ಒಂಬತ್ತು ಬಂತು.

ಪಾಲಕರು ಬಂದು ನಮ್ಮನ್ನು ಕಾಣುವ ಓಪನ್ ಹೌಸ್ ದಿನ ಪ್ರಭಾಕರ ಶೆಟ್ಟರಿಗೆ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿ ಕೇಳುತ್ತದೆ. "ಮಗು ಒಳ್ಳೆಯದು, ಆದ್ರೆ ಗಣಿತ ಅವಳ ತಲೆಗೆ ಹತ್ತುವ ವಿಷಯ ಅಲ್ಲ. ಜೂನ್‌ನಿಂದ ನೋಡ್ತಿದ್ದೇನೆ." ಅವರು ತಲೆಯಾಡಿಸಿ ಹೋದರು. ಹತ್ತು ದಿನ ಬಿಟ್ಟು, ದೀಪಾವಳಿ ರಜೆಗೆ ಮೊದಲು, ಕೈಯಲ್ಲಿ ಎಲ್‌ಸಿಯ ಅರ್ಜಿ ಹಿಡಿದು ಬಂದರು. ಎಲ್‌ಸಿ ಎಂದರೆ ಶಾಲೆ ಬಿಡುವ ಪ್ರಮಾಣಪತ್ರ.

"ಬದಲಾಪುರದಲ್ಲಿ ನನ್ನ ಅಣ್ಣನ ಮನೆ ಉಂಟು ಟೀಚರ್. ಅಲ್ಲೊಂದು ಶಾಲೆಯಲ್ಲಿ ಇಷ್ಟು ಕಷ್ಟ ಇಲ್ವಂತೆ. ಅವಳನ್ನು ಅಲ್ಲೇ ಬಿಡುದು ಅಂತ. ಅವರಿಗೆ ಅವಳ ಜೂನಿನ ಪೇಪರ್ ಒಮ್ಮೆ ನೋಡ್ಬೇಕಂತೆ, ಕೊಡ್ತೀರಾ?"

ಹನ್ನೊಂದು ವರ್ಷದ ಹುಡುಗಿ ಅಪ್ಪ ಅಮ್ಮನನ್ನು ಬಿಟ್ಟು ದೊಡ್ಡಪ್ಪನ ಮನೆಗೆ ಹೋಗುವುದು ನನ್ನ ಮಾತಿನ ಮೇಲೆ ನಿಂತಿತ್ತು. ಆದರೂ ನನಗೆ ಅಳುಕಿರಲಿಲ್ಲ, ಪುರಾವೆ ಇತ್ತಲ್ಲ. ಅವರನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಕಪಾಟು ತೆರೆದೆ, ಧೂಳು ಕೊಡವಿ ಕಟ್ಟು ಬಿಚ್ಚಿದೆ. ಮೇಲಿನಿಂದ ಮೂರನೆಯ ಪೇಪರ್ ಅನ್ವಿತಾಳದು. ಬಲಮೂಲೆಯಲ್ಲಿ ನನ್ನದೇ ಕೆಂಪು ಶಾಯಿ, ನನ್ನದೇ ಕೈಬರಹ: ಇಪ್ಪತ್ತೇಳು.

ಬೇರೆ ಅನ್ವಿತಾ ಇರಬೇಕು ಎಂದುಕೊಂಡೆ. ತರಗತಿಯಲ್ಲಿ ಇದ್ದದ್ದು ಒಬ್ಬಳೇ. ರಿಜಿಸ್ಟರ್ ತೆಗೆದೆ, ಅಲ್ಲೂ ಇಪ್ಪತ್ತೇಳು. ಕಪಾಟಿನ ಬಾಗಿಲಲ್ಲಿದ್ದ ಪ್ರಿಂಟ್ ನೋಡಿದೆ, ಏಳು. ಆಮೇಲೆ ಪ್ರಿಂಟಿನ ಮೂರನೆಯ ಸಾಲಿಗೆ ಕಣ್ಣು ಹೋಯಿತು: ಅಮೀನ್ ವೇದಾಂತ್, ಇಪ್ಪತ್ತೇಳು. ನನ್ನ ಪಟ್ಟಿಯ ಮೂರನೆಯವಳ ಅಂಕ ಆಫೀಸಿನ ಪಟ್ಟಿಯ ಮೂರನೆಯವನಿಗೆ ಹೋಗಿ ಕೂತಿತ್ತು. ವೇದಾಂತನ ಪೇಪರ್ ಹುಡುಕಿ ತೆಗೆದೆ, ಎಂಟು. ಪೆನ್ನು ಹಿಡಿದು ಒಂದೊಂದೇ ಹೆಸರು ತಾಳೆ ನೋಡುತ್ತ ಹೋದೆ. ನಲವತ್ತೊಂದರಲ್ಲಿ ಸರಿಯಾದ ಅಂಕ ಸಿಕ್ಕಿದ್ದು ನಾಲ್ವರಿಗೆ, ಅದೂ ಅದೃಷ್ಟದಿಂದ. ನಾಲ್ಕು ತಿಂಗಳು ಇಡೀ ತರಗತಿಗೆ ಬೇರೆ ಯಾರದೋ ಪಾಠ ಮಾಡಿದ್ದೆ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಪೇಪರ್ ಸಿಗಲಿಲ್ಲ ಎಂದು ಹೊರಗೆ ಹೋಗಿ ಹೇಳಿಬಿಡಬಹುದಿತ್ತು. ಹಾಗನ್ನಿಸಿದ್ದು ನಿಜ, ಅದನ್ನು ಈಗ ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಆಮೇಲೆ ಎದ್ದು ಹೋಗಿ ಪೇಪರ್, ಪ್ರಿಂಟ್ ಎರಡನ್ನೂ ಅವರ ಕೈಯಲ್ಲಿಟ್ಟು ಎಲ್ಲ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಮಗಳ ಪೇಪರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಾನು ಅವಳಿಗೆ ಹೊಡ್ದಿದ್ದೇನೆ ಟೀಚರ್," ಎಂದರು. "ನಿಮ್ಮ ಮಾತು ಕೇಳಿ ಹೊಡ್ದದ್ದು."

ಆಮೇಲೆ ಬೆಂಚಿನಿಂದ ಎದ್ದು ಒಳಗೆ ಬಂದು ಅವರೇ ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟರು. "ಇದು ನಿಮ್ಮ ಹತ್ರವೇ ಇರ್ಲಿ. ಜನವರಿವರೆಗೆ ನೋಡುವ. ಆಗ್ಲೂ ಹೀಗೇ ಇದ್ರೆ ಕರ್ಕೊಂಡು ಹೋಗ್ತೇನೆ."

ಇಷ್ಟಕ್ಕೇ ಮುಗಿದಿದ್ದರೆ ಒಂದು ಗುಮಾಸ್ತಿಕೆಯ ತಪ್ಪು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆನೋ ಏನೋ. ಆ ಸಂಜೆ ನನ್ನ ಡೈರಿ ತೆರೆದು ಓದಿದಾಗ ಆದ ಆಘಾತ ದೊಡ್ಡದು. ಆಗಸ್ಟಿನ ಒಂದು ವಾರ ವೇದಾಂತ ಮತ್ತು ಅನ್ವಿತಾ ಇಬ್ಬರೂ ಬೋರ್ಡಿನ ಮೇಲೆ ಒಂದೇ ಬಗೆಯ ತಪ್ಪು ಮಾಡಿದ್ದರು. ಅವನ ಹೆಸರಿನ ಮುಂದೆ 'ಚುರುಕು, ಅವಸರ ಜಾಸ್ತಿ' ಎಂದಿತ್ತು. ಅವಳ ಮುಂದೆ 'ಮೂಲ ಕಲ್ಪನೆಯೇ ಇಲ್ಲ'. ಅವನಿಗೆ ಉತ್ತರ ಹೊಳೆಯುವ ತನಕ ಕಾದಿದ್ದೆ, ಅವಳನ್ನು ಕೂರಿಸಿ ಮುಂದೆ ಹೋಗಿದ್ದೆ. ಮುಖ ನೋಡಿ ಹೇಳುತ್ತೇನೆ ಎನ್ನುತ್ತಿದ್ದ ನಾನು ಬಾಗಿಲಿಗೆ ಅಂಟಿಸಿದ ಬಣ್ಣ ನೋಡಿ ಹೇಳುತ್ತಿದ್ದೆ. ಎಂಟು ಅಂಕದ ವೇದಾಂತ ಅಕ್ಟೋಬರಿನಲ್ಲಿ ಹತ್ತೊಂಬತ್ತಕ್ಕೆ ಏರಿದ್ದ, ಇಪ್ಪತ್ತೇಳರ ಅನ್ವಿತಾ ಒಂಬತ್ತಕ್ಕೆ ಇಳಿದಿದ್ದಳು. ಶೀಟಿನಲ್ಲಿದ್ದ ಸುಳ್ಳನ್ನು ನಾನೇ ಮುಂದೆ ನಿಂತು ನಿಜ ಮಾಡಿದ್ದೆ.

ಮರುದಿನ ಅನ್ವಿತಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳ ಜೂನಿನ ಪೇಪರ್ ತೋರಿಸಿದೆ. "ನೋಡು ಪುಟ್ಟಿ, ನಿನಗೆ ಇಪ್ಪತ್ತೇಳು ಬಂದಿತ್ತು. ತಪ್ಪು ನನ್ನದು." ಅವಳು ಅದನ್ನು ನೋಡಿದಳು, ಖುಷಿಪಡಲಿಲ್ಲ.

"ವೋ ಗಲ್ತೀ ಸೆ ಆಯಾ ಹೋಗಾ, ಟೀಚರ್," ಎಂದಳು. ಅದು ಹೇಗೋ ತಪ್ಪಿ ಬಂದಿರಬೇಕು. ನಾನು ಅವಳ ಎದುರೇ ಅತ್ತುಬಿಟ್ಟೆ.

ರೂಪಾ ಮೇಡಂ ಎಲ್ಲ ಕೇಳಿ, "ತಪ್ಪು ನಿಮ್ದೊಬ್ರದೇ ಅಲ್ಲ, ಒಂದ್ ಸಲ ಕಟ್ಟಿದ್ ಗುಂಪನ್ನ ನಾಲ್ಕ್ ತಿಂಗ್ಳು ಹಂಗೇ ಬಿಟ್ಟಿದ್ದು ನನ್ ತಪ್ಪು," ಎಂದರು. ಹೂವಿನ ಗುಂಪುಗಳನ್ನು ತೆಗೆದುಹಾಕಿದೆವು. ಪ್ರತಿ ಹೊಸ ಪಾಠಕ್ಕೆ ಮೊದಲು ಐದು ಪ್ರಶ್ನೆಯ ಒಂದು ಚೀಟಿ, ಅದರ ಮೇಲೆ ಆ ವಾರಕ್ಕಷ್ಟೇ ಗುಂಪು, ಸೋಮವಾರ ಮತ್ತೆ ಹೊಸದು. ಚೀಟಿಯಲ್ಲಿ ಏನೇ ಬರಲಿ, ವೇದಾಂತನಿಗೆ ಉತ್ತರ ಹೊಳೆಯುವ ತನಕ ಕಾಯುವುದನ್ನು ನಾನು ನಿಲ್ಲಿಸಲಿಲ್ಲ. ಅಂಕ ಏರಿಸುವಾಗ ಪ್ರತಿ ಪೇಪರಿನ ಹೆಸರನ್ನು ಗಟ್ಟಿಯಾಗಿ ಓದಿಯೇ ಏರಿಸುತ್ತಿದ್ದೆ. ಅಟೆಂಡರ್ ನನಗೆ ಮರುಳು ಎಂದುಕೊಂಡಿರಬೇಕು.

ಅನ್ವಿತಾ ಬೇಗ ಚೇತರಿಸಿಕೊಳ್ಳಲಿಲ್ಲ. ಡಿಸೆಂಬರ್ ಇಡೀ ಉತ್ತರ ಬರೆದು ಅಳಿಸುವುದೇ ಆಯಿತು. ಜನವರಿಯಲ್ಲಿ ಒಂದು ದಿನ ದಶಮಾಂಶದ ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ಬಂದು, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ, "ಟೀಚರ್, ಯೇ ಮುಝೇ ಆತಾ ಹೈ," ಎಂದಳು. ನಾನು ಯಾವ ಪಟ್ಟಿಯನ್ನೂ ನೋಡಲಿಲ್ಲ. ಸೀಮೆಸುಣ್ಣ ಕೈಗೆ ಕೊಟ್ಟು, "ಬಾ, ತೋರಿಸು," ಎಂದೆ. ತೋರಿಸಿದಳು. ಆ ವಾರವೇ ಪ್ರಭಾಕರ ಶೆಟ್ಟರಿಗೆ ಫೋನ್ ಮಾಡಿ ಅರ್ಜಿ ಏನು ಮಾಡಲಿ ಎಂದು ಕೇಳಿದೆ. "ಹರ್ದು ಬಿಸಾಡಿ," ಎಂದರು.

ಅಂಕಗಳನ್ನು ನೋಡಿ ಪಾಠ ಹೆಣೆಯುವುದು ತಪ್ಪು ಎಂದು ನಾನು ಹೇಳುವುದಿಲ್ಲ. ನಿವೃತ್ತಿಯ ತನಕ ಹಾಗೇ ಮಾಡಿದೆ, ಹೊಸ ಶಿಕ್ಷಕಿಯರಿಗೂ ಅದನ್ನೇ ಹೇಳಿಕೊಡುತ್ತೇನೆ. ಆದರೆ ಶೀಟ್ ಒಂದು ಹೇಳಿ ಮಗು ಇನ್ನೊಂದು ಹೇಳಿದರೆ ಮೊದಲು ಮಗುವಿನ ಮಾತನ್ನು ಪರೀಕ್ಷಿಸಿ ನೋಡಬೇಕು. ಅದಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣ, ಎರಡು ನಿಮಿಷ. ನಾನು ಅದನ್ನು ನಾಲ್ಕು ತಿಂಗಳು ಕೊಡಲಿಲ್ಲ.

ಮೊನ್ನೆ ಕಲ್ಯಾಣದಲ್ಲಿ ಪ್ರಭಾಕರ ಶೆಟ್ಟರ ಹೋಟೆಲಿಗೆ ಹೋಗಿದ್ದೆ. ಅನ್ವಿತಾ ಈಗ ಒಂಬತ್ತನೆಯಲ್ಲಿ, ಗಣಿತ ಚೆನ್ನಾಗಿ ಮಾಡುತ್ತಾಳಂತೆ. ಕಾಫಿ ತಂದಿಟ್ಟು ಅವರು ಹೇಳಿದರು: "ಒಂದೇ ಅಭ್ಯಾಸ ಹೋಗ್ಲಿಲ್ಲ ಟೀಚರ್. ಮಾರ್ಕ್ಸ್ ಒಳ್ಳೇದು ಬಂದ್ರೆ, ಪೇಪರಿನ ಮೇಲೆ ಇರುದು ಅವಳದ್ದೇ ಹೆಸರಾ ಅಂತ ಮೊದ್ಲು ನೋಡ್ತಾಳೆ."